ಲೆಕ್ಕ ಹಾಕಿದ ಮೇಲೆ ಕಥೆ ಎದ್ದು ನಿಂತಿತು: ನನ್ನ ಅನುಭವ

"ಎಲ್ಲ ಚೆನ್ನಾಗಿರುವ ಊರಲ್ಲಿ ಕಥೆ ಎಲ್ಲಿಂದ ಬರುತ್ತೆ?" ಎಂದು ನನ್ನನ್ನು ಕೇಳದವರೇ ಇಲ್ಲ. ನಾಳೆಯ ಒಂದು ಒಳ್ಳೆಯ ಊರನ್ನು ಕಲ್ಪಿಸಿ ನಾನೊಂದು ಕಿರುಕಾದಂಬರಿ ಬರೆದೆ, ಈಗ ಅದು ಎರಡನೇ ಮುದ್ರಣ ಕಂಡಿದೆ. ಮೊದಲ 300 ಪ್ರತಿ ಎಂಟೊಂಬತ್ತು ತಿಂಗಳಲ್ಲಿ ಖಾಲಿಯಾದವು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಥೆ ನಡೆಯುವುದು ತುಮಕೂರು ಜಿಲ್ಲೆಯ ಪಾವಗಡದಲ್ಲಿ. ತಿರುಮಣಿ, ವಳ್ಳೂರು ಸುತ್ತಲಿನ ಸೋಲಾರ್ ಪಾರ್ಕ್ ನಿಮಗೆ ಗೊತ್ತೇ ಇದೆ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ರೈತರ ಜಮೀನನ್ನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. 28 ವರ್ಷದ ಆ ಗುತ್ತಿಗೆ ಮುಗಿದ ಮಾರನೇ ದಿನ ಏನು? ಅದೇ ನನ್ನ ಕಥೆ.

ಮೊದಲ ಕರಡಿನಲ್ಲಿ ಮನೆ ಮನೆಗೂ ಬಳ್ಳಿ, ಎಲ್ಲರ ಮುಖದಲ್ಲೂ ನಗು. "ಇದು ಇಲಾಖೆಯ ಕರಪತ್ರ" ಎಂದ ಗೆಳೆಯ. ಎರಡನೆಯದರಲ್ಲಿ ಒಬ್ಬ ವಿಜ್ಞಾನಿ ಬಂದು ಊರು ಉದ್ಧಾರ ಮಾಡಿದ. ಅದು ಇನ್ನೂ ಕೆಟ್ಟಿತು. ಒಂದು ಪತ್ರಿಕೆ ವಾಪಸ್ ಕಳಿಸಿತು, ಇನ್ನೊಂದು ಉತ್ತರವನ್ನೇ ಕೊಡಲಿಲ್ಲ. ಹೀಗೆ ಎರಡು ವರ್ಷ ಹೋಯಿತು.

ದಾರಿ ಸಿಕ್ಕಿದ್ದು ಲೆಕ್ಕದಲ್ಲಿ. ರೈತರಿಗೆ ಗುತ್ತಿಗೆ ಹಣ ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಹಳೇ ಡೈರಿಯಲ್ಲಿ ಗುಣಿಸುತ್ತಾ ಹೋದೆ. 28 ವರ್ಷಕ್ಕೆ ಹತ್ತಿರಹತ್ತಿರ ಎರಡರಷ್ಟು. ಹತ್ತು ಎಕರೆ ಇದ್ದವರಿಗೆ ಸರಿ. ಅದೇ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕೂಲಿಯವಳಿಗೆ? ಜಮೀನೂ ಇಲ್ಲ, ಗುತ್ತಿಗೆ ಹಣವೂ ಇಲ್ಲ. ಅಲ್ಲಿ ಸಿಕ್ಕಿತು ನೋಡಿ ಜಗಳ. ನನ್ನ ಕಥೆಯಲ್ಲಿ ಪ್ಯಾನೆಲ್ ತೊಳೆಯುವ ಹೆಂಗಸರ ಸಂಘ ಹಳೇ ಪ್ಯಾನೆಲ್‌ಗಳನ್ನು ಕೊಳ್ಳುತ್ತದೆ, ಆಳೆತ್ತರಕ್ಕೆ ಏರಿಸಿ ಕೆಳಗೆ ಬಿತ್ತುತ್ತದೆ. ಜಮೀನಿನವರು ಒಪ್ಪುವುದಿಲ್ಲ. ಮೂರು ರಾತ್ರಿ ಪಂಚಾಯ್ತಿ ನಡೆಯುತ್ತದೆ, ಅರ್ಧ ಕನ್ನಡ, ಅರ್ಧ ತೆಲುಗು. ಬೇಸರವಾಗದ ಹಾಗೆ ಅದನ್ನು ಹೇಗೆ ಬರೆದೆ ಎಂದು ಈಗ ಹೇಳುವುದಿಲ್ಲ, ಮುಂದಿನ ಪುಸ್ತಕಕ್ಕೆ ಬೇಕು.

ನೆರಳಲ್ಲಿ ಬೆಳೆ ಬರುತ್ತಾ? ಸುಮ್ನೆ ಊಹಿಸಿ ಬರೆಯಲು ಮನಸ್ಸಾಗಲಿಲ್ಲ. ಗುಜರಿಯಿಂದ ಏಳೆಂಟು ನೂರಕ್ಕೆ ಕೆಟ್ಟ ಪ್ಯಾನೆಲ್ ತಂದು ತಾರಸಿಯಲ್ಲಿ ಕಟ್ಟಿದೆ. ಕೆಳಗೆ ನಾಲ್ಕು ಕುಂಡ ಕೊತ್ತಂಬರಿ, ಬಿಸಿಲಿನಲ್ಲಿ ನಾಲ್ಕು. ಏಪ್ರಿಲ್‌ನಲ್ಲಿ ಬಿಸಿಲಿನವು ಹನ್ನೊಂದು ಗಂಟೆಗೇ ಬಾಡಿ ಬಿದ್ದವು. ನೆರಳಿನವು ಸಂಜೆವರೆಗೂ ನೆಟ್ಟಗಿದ್ದವು. ಕಡಲೆಕಾಯಿಯನ್ನೂ ಹಾಕಿದ್ದೆ. ಗಿಡ ಉದ್ದುದ್ದ ಹೋಯಿತು, ಕಾಯಿ ಬೆರಳೆಣಿಕೆಯಷ್ಟು. ಹಾಗಾಗಿ ಕಥೆಯಲ್ಲೂ ನೆರಳಿಗೆ ಸೊಪ್ಪು, ಸಾಲುಗಳ ನಡುವಿನ ಬಿಸಿಲಿಗೆ ಕಡಲೆಕಾಯಿ. ಒಂದು ದಿನ ಪ್ಯಾನೆಲ್ ತೊಳೆದಾಗ ಕೆಂಪು ನೀರು ಅಂಚಿನಿಂದ ತೊಟ್ಟಿಕ್ಕಿತು. ಕುಂಡದ ಮಣ್ಣಿನಲ್ಲಿ ಮಣಿ ಪೋಣಿಸಿದ ಹಾಗೆ ಸಣ್ಣ ಗುಳಿಗಳ ಸಾಲು. ಆ ಸಾಲಿನಿಂದಲೇ ಕಥೆ ಶುರುಮಾಡಿದೆ.

ಮುದ್ರಣಕ್ಕೆ 26,000, ಓಡಾಟಕ್ಕೆ ಸುಮಾರು ಒಂಬತ್ತು ಸಾವಿರ. ಬಂದದ್ದು 34,000ದ ಆಸುಪಾಸು. ಇಂಥ ಪುಸ್ತಕಕ್ಕೆ ಇದು ಜಾಸ್ತಿಯೇ.

ತಿರುಮಣಿ ಕಡೆಯ ಒಬ್ಬ ಓದುಗರು ಫೋನ್ ಮಾಡಿದ್ದರು. "ಎಲ್ಲ ಸರಿ, ಆ ಸಂಘಕ್ಕೆ ಸಾಲ ಕೊಟ್ಟವರು ಯಾರು?" ಎಂದು ಕೇಳಿದರು. ಎರಡನೇ ಮುದ್ರಣಕ್ಕೆ ಆ ಅಧ್ಯಾಯವನ್ನು ಪೂರ್ತಿ ಹೊಸದಾಗಿ ಬರೆದೆ.