"ಮುಂಡೇದೇ" ಅಂದರೆ ಬೀಪಾ?

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮ್ಮ ಕೇಳಿದ್ದಳು, "ಟೀವೀಲಿ ಏನ್ ಕೆಲ್ಸನೋ ನಿಂದು?" ಸೀರಿಯಲ್ಲು, ರಿಯಾಲಿಟಿ ಶೋ ಎಲ್ಲ ಪ್ರಸಾರಕ್ಕೆ ಮುಂಚೆ ಪೂರ್ತಿ ನೋಡಬೇಕು, ಕೆಟ್ಟ ಮಾತಿದ್ದರೆ ತೆಗೆಸಬೇಕು ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೈಗುಳ ಕೇಳಿಸ್ಕೊಳ್ಳೋಕೆ ಸಂಬಳ ಕೊಡ್ತಾರಾ? ನಿಮ್ಮಜ್ಜಿ ಹತ್ರ ಬಿಟ್ಟಿ ಸಿಗ್ತಿತ್ತಲ್ಲೋ" ಅಂದಳು.

ನಮ್ಮಜ್ಜಿ ಮದ್ದೂರು ಕಡೆಯವಳು. "ತಿನ್ನೋ ಮುಂಡೇದೇ" ಅನ್ನದೆ ನನಗೆ ಒಂದು ತುತ್ತು ತಿನ್ನಿಸಿದ್ದು ನೆನಪಿಲ್ಲ. ಈ ಪದದಿಂದಲೇ ಮುಂದೆ ನನಗೆ ಪೇಚಾಟ ಬಂತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲ ವಾರ ನಾನು ಕೇಳಿದ್ದು ಒಂದು ಪಟ್ಟಿ. ಯಾವ ಪದ ಬಿಡಬಹುದು, ಯಾವುದು ಬಿಡಬಾರದು ಅಂತ ಸರ್ಕಾರವೇ ಕೊಟ್ಟಿರುತ್ತೆ ಅಂದುಕೊಂಡಿದ್ದೆ. ನಮ್ಮ ವಿಭಾಗದ ಹಿರಿಯರು ನಕ್ಕು, ಎರಡು ಹಾಳೆ ಜೆರಾಕ್ಸ್ ಕೊಟ್ಟರು. ಕೇಬಲ್ ಟಿವಿ ನಿಯಮಗಳು, 1994, ಅದರ ಆರನೇ ನಿಯಮ. ಎಲ್ಲರೂ "ಪ್ರೋಗ್ರಾಂ ಕೋಡ್" ಅನ್ನುವುದು ಇದಕ್ಕೇ. (ಕಾಯ್ದೆ 1995ರದ್ದು, ನಿಯಮ 1994ರದ್ದು. ಅಪ್ಪನಿಗಿಂತ ಮಗ ಒಂದು ವರ್ಷ ದೊಡ್ಡವನು! ಮೊದಲು ಸುಗ್ರೀವಾಜ್ಞೆ ಬಂದಿತ್ತು, ನಿಯಮ ಅದರ ಕೆಳಗೆ ಹುಟ್ಟಿತು.)

ಅದರಲ್ಲಿ ಏನಿದೆ? ಸದಭಿರುಚಿಗೆ, ಸಭ್ಯತೆಗೆ ಧಕ್ಕೆ ತರಬಾರದು. ಅಶ್ಲೀಲ ಇರಬಾರದು. ಧರ್ಮ, ಸಮುದಾಯಗಳನ್ನು ಹೀಯಾಳಿಸಬಾರದು. ಮಕ್ಕಳು ಜಾಸ್ತಿ ನೋಡುವ ಹೊತ್ತಿನಲ್ಲಿ ಮಕ್ಕಳಿಗೆ ಸಲ್ಲದ್ದು ಬರಬಾರದು. "ಕೆಟ್ಟ ಭಾಷೆ" ಅಂತ ನೇರವಾಗಿ ಹೇಳಿರುವುದು ಮಕ್ಕಳ ಕಾರ್ಯಕ್ರಮದ ಸಾಲಿನಲ್ಲಿ. ಹುಡುಕಿ ಹುಡುಕಿ ನೋಡಿದೆ, ಉದಾಹರಣೆಗೆ ಅಂತಾದರೂ ಒಂದೇ ಒಂದು ಪದ ಇಲ್ಲ. ಸಿನಿಮಾಗಾದರೆ ಬಿಡುಗಡೆಗೆ ಮುಂಚೆ ಸೆನ್ಸಾರ್ ಮಂಡಳಿ ಇದೆ. ಸೀರಿಯಲ್ಲಿಗೆ, ಶೋಗೆ ಹಾಗೆ ಮೊದಲೇ ನೋಡಿ ಮುದ್ರೆ ಒತ್ತುವವರು ಯಾರೂ ಇಲ್ಲ. ಮೊದಲು ಪ್ರಸಾರ ಮಾಡು, ತಪ್ಪಾದರೆ ಆಮೇಲೆ ಉತ್ತರ ಕೊಡು. ಹಾಗಾಗಿ ಸಭ್ಯತೆ ಅಂದರೆ ಏನು ಅಂತ ದಿನಾ ತೀರ್ಮಾನ ಮಾಡುವುದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎಸಿ ರೂಮಿನಲ್ಲಿ ನಡುಗುತ್ತಾ ಕೂತಿರುವ ನನ್ನಂಥವನು.

ಪಟ್ಟಿ ಇಲ್ಲ ಅಂದಮೇಲೆ ನಾನೇ ಒಂದು ನೋಟ್‌ಬುಕ್ ಮಾಡಿದೆ. ಇನ್ನೂರು ಪುಟದ ಲಾಂಗ್ ಬುಕ್ಕು. ಬಿಡಬಹುದು, ಬಿಡಬಾರದು, ಕೇಳಬೇಕು ಅಂತ ಮೂರು ಕಾಲಂ. ಒಂದು ತಿಂಗಳಲ್ಲಿ ಮೂರನೇ ಕಾಲಮ್ಮೇ ತುಂಬಿಹೋಯಿತು.

ಆಗ ಬಂದದ್ದು ಅಜ್ಜಿಯ ಪದ. ಒಂದು ಸೀರಿಯಲ್ಲಿನಲ್ಲಿ ವಯಸ್ಸಾದ ಪಾತ್ರ ಮೊಮ್ಮಗನಿಗೆ "ಎಲ್ಲಿಗೋಗಿದ್ಯೋ ಮುಂಡೇದೇ" ಅನ್ನುತ್ತೆ. ನನಗೆ ಅರ್ಥ ಗೊತ್ತು. ಮುಂಡೆ ಅಂದರೆ ಗಂಡ ಸತ್ತವಳು. ಹೊಸ ಹುರುಪಿನಲ್ಲಿ, ಇದು ಹೆಂಗಸರನ್ನು ಹೀಯಾಳಿಸುವ ಪದ ಅಂತ ಬೀಪ್ ಹಾಕಿಸಿದೆ. ಮಾರನೇ ದಿನ ಪ್ರೊಡಕ್ಷನ್ನಿನವರಿಂದ ಫೋನು. ಆ ಹಿರಿಯ ಕಲಾವಿದೆಗೆ ಸಂಬಂಧಿಕರೆಲ್ಲ ಕರೆ ಮಾಡಿ, "ಅಷ್ಟು ಕೆಟ್ಟದಾಗಿ ಏನಂದ್ರಿ ಆ ಮಗೂಗೆ?" ಅಂತ ಕೇಳಿದ್ದರಂತೆ. ಬೀಪಿನ ಗುಣವೇ ಇದು. ಒಳಗೆ ಏನಿತ್ತೋ ಅದಕ್ಕಿಂತ ಕೆಟ್ಟದ್ದನ್ನೇ ಕೇಳುವವರ ತಲೆ ತುಂಬಿಕೊಳ್ಳುತ್ತೆ. "ನಾನು ನಿನ್ನ ಪ್ರೀತಿಸ್ತೀನಿ" ಅನ್ನುವುದರಲ್ಲಿ "ಪ್ರೀತಿ"ಗೆ ಬೀಪ್ ಹಾಕಿ ನೋಡಿ, ಗೊತ್ತಾಗುತ್ತೆ.

ಅವತ್ತಿನಿಂದ ಪದ ನೋಡುವುದು ಬಿಟ್ಟೆ, ಯಾರು ಯಾರಿಗೆ ಅಂದರು ಅಂತ ನೋಡಲು ಶುರು ಮಾಡಿದೆ. ಅಜ್ಜಿ ಮೊಮ್ಮಗನಿಗೆ ಅಂದರೆ ಬಿಡು. ಅದೇ ಪದವನ್ನು ಗಂಡ ಸತ್ತ ಸೊಸೆಗೆ ಅತ್ತೆ ಅಂದರೆ ನಿಲ್ಲಿಸು, ಬರಹಗಾರರಿಗೆ ಫೋನ್ ಮಾಡು.

ಕನ್ನಡದಲ್ಲಿ ಇನ್ನೊಂದು ತಲೆನೋವು ಊರು. ಒಂದು ಶೋನಲ್ಲಿ ಹುಬ್ಬಳ್ಳಿ ಕಡೆಯ ಸ್ಪರ್ಧಿ ಗೆಳೆಯನನ್ನು ತಬ್ಬಿಕೊಂಡು "ಭಾಡ್ಯಾ" ಅಂದ. ಬೆಂಗಳೂರಿನ ಎಡಿಟರಿಗೆ ಅದು ಬೈಗುಳ ಅಂತಲೇ ಗೊತ್ತಾಗಲಿಲ್ಲ, ಹೆಸರೇನೋ ಅಂದುಕೊಂಡಿದ್ದ. ಪಕ್ಕದ ಟೇಬಲಿನಲ್ಲಿ ಗದಗದ ಗೆಳೆಯನಿದ್ದ. ಕೇಳಿದೆ. "ಗೆಳ್ಯಾರ್ ನಡುವ ನಡೀತೈತ್ರೀ. ಅಪ್ಪನ ಮುಂದ ಅನ್ನಂಗಿಲ್ಲ" ಅಂದ. ಎರಡು ಹಾಳೆ ಪ್ರೋಗ್ರಾಂ ಕೋಡಿಗಿಂತ ಈ ಒಂದು ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ರಾತ್ರಿ ಎಂಟೂವರೆಗೆ ಅಪ್ಪ, ಮಗಳು, ಅಜ್ಜಿ ಒಂದೇ ಸೋಫಾದಲ್ಲಿ ಕೂತಿರುತ್ತಾರೆ. ಅಪ್ಪನ ಮುಂದೆ ಅನ್ನಂಗಿಲ್ಲ ಅಂದರೆ ಎಂಟೂವರೆಗೂ ಅನ್ನಂಗಿಲ್ಲ. "ಭಾಡ್ಯಾ" ಹೋಯಿತು.

ನೋಟ್‌ಬುಕ್ ತುಂಬುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಬೈಸಿಕೊಳ್ಳುವವನು ಗಂಡಸು, ಪದ ಮಾತ್ರ ಅವನ ಅಮ್ಮನ ಮೇಲೆ. ಅವಳು ಬೋಳಿ, ಅವಳೇ ಸೂಳೆ, ಇವನು ಬರೀ ಮಗ. ಇನ್ನು ಜಾತಿಯ ಹೆಸರನ್ನೇ ಬೈಗುಳ ಮಾಡಿ ಆಡುವ ಮಾತು. ಇವಕ್ಕೆ ಎಡಿಟರುಗಳು ಮೊದಮೊದಲು ಬೀಪ್ ಹಾಕುತ್ತಲೇ ಇರಲಿಲ್ಲ, ಕಿವಿಗೆ ಅಷ್ಟು ರೂಢಿಯಾಗಿತ್ತು. ಜಗಳದಲ್ಲಿ ಸಿಟ್ಟಿಗೆ ಬಂದ ಒಂದು ಪೋಲಿ ಮಾತು ತಪ್ಪಿಸಿಕೊಂಡು ಹೋದರೆ ನನಗೆ ಬೇಜಾರು. ಜಾತಿಯ ಮಾತು ಹೋದರೆ ನಿದ್ದೆ ಬರಲ್ಲ. ಅದಕ್ಕೆ ನಾನು ಬೀಪೂ ಹಾಕಿಸುವುದಿಲ್ಲ, ಆ ತುಣುಕೇ ಬೇಡ ಅಂತ ಕತ್ತರಿಸುತ್ತೇನೆ.

ಈಗ ಕೈಕೆಲಸದ ವಿಷಯ. ಬೀಪ್ ಅಂದರೆ ಸಾವಿರ ಹರ್ಟ್ಸ್‌ನ ಒಂದು ಟೋನು, ಅಷ್ಟೇ. ಎಲ್ಲಿಂದ ಎಲ್ಲಿಗೆ ಹಾಕಬೇಕು ಅನ್ನುವುದರಲ್ಲೇ ಎಲ್ಲ ಇರುವುದು. ನಮ್ಮಲ್ಲಿ ಸೆಕೆಂಡಿಗೆ 25 ಫ್ರೇಮು, ಅಂದರೆ ಒಂದು ಫ್ರೇಮು 40 ಮಿಲಿಸೆಕೆಂಡು. ಹೊಸಬರು "ಸೂಳೆ" ಮಾತ್ರ ಮುಚ್ಚಿ "ಮಗನೇ" ಬಿಟ್ಟುಬಿಡುತ್ತಾರೆ. ಬೀಪ್ ಆದಮೇಲೆ "ಮಗನೇ" ಅಂತ ಕೇಳಿದರೆ ಏನಿತ್ತು ಅಂತ ಯಾವ ಕನ್ನಡಿಗನಿಗೆ ಗೊತ್ತಾಗಲ್ಲ ಹೇಳಿ? ಪೂರ್ತಿ ಮುಚ್ಚಬೇಕು, ಮುಂದೆ ಎರಡು ಫ್ರೇಮು ಜಾಸ್ತಿ, ಹಿಂದೆ ಎರಡು ಫ್ರೇಮು ಜಾಸ್ತಿ.

ಆಮೇಲೆ ತುಟಿ. "ಸೂ" ಅನ್ನುವಾಗ ತುಟಿ ಕೊಳವೆಯಂತೆ ಮುಂದೆ ಬರುತ್ತೆ. "ಬೋ" ಅನ್ನುವಾಗ ಮುಚ್ಚಿ ದುಂಡಗೆ ತೆರೆಯುತ್ತೆ. ಕ್ಲೋಸಪ್ಪಿನಲ್ಲಿ ದನಿ ಇಲ್ಲದಿದ್ದರೂ ಓದಬಹುದು. ಅಲ್ಲಿ ಬಾಯಿಗೆ ಬ್ಲರ್ ಹಾಕಬೇಕು, ಇಲ್ಲ ಎದುರಿಗಿದ್ದವರ ಮುಖಕ್ಕೆ ಶಾಟ್ ಬದಲಿಸಬೇಕು. ಮ್ಯೂಟ್ ಮಾಡಿದರೆ ಹಿಂದಿನ ಫ್ಯಾನಿನ ಸದ್ದು, ಟ್ರಾಫಿಕ್ ಸದ್ದು ಎಲ್ಲ ಒಟ್ಟಿಗೇ ಹೋಗಿ ಟಿವಿ ಕೆಟ್ಟಿತೇನೋ ಅನ್ನಿಸುತ್ತೆ. ಅದಕ್ಕೆ ಆ ಜಾಗದ ಖಾಲಿ ಸದ್ದನ್ನು ಬೇರೆ ಟ್ರ್ಯಾಕಿನಲ್ಲಿ ತುಂಬಬೇಕು. ಎಲ್ಲಕ್ಕಿಂತ ಒಳ್ಳೆಯದು ಡಬ್ಬಿಂಗಿನಲ್ಲೇ ಬದಲಿಸುವುದು. ಒಂದು ಸಲ "ಬೋಳಿಮಗನೇ" ಅನ್ನುವುದನ್ನು ಹೇಗೆ ತೆಗೆಯುವುದು ಅಂತ ನಾವು ಮೂರು ಜನ ಒದ್ದಾಡುತ್ತಿದ್ದೆವು. ಡಬ್ಬಿಂಗ್ ಕಲಾವಿದರೊಬ್ಬರು ಟೀ ಕುಡಿಯುತ್ತಾ, "ಪೋಲಿ ಮಗನೇ ಅಂದ್ಬಿಡ್ಲಾ ಸಾರ್?" ಅಂದರು. ಹಾಕಿ ನೋಡಿದೆವು. ಬ ಮತ್ತು ಪ ಎರಡಕ್ಕೂ ತುಟಿ ಒಂದೇ ಥರ ಮುಚ್ಚುತ್ತೆ, ಉಳಿದದ್ದೆಲ್ಲ ಸರಿಹೋಯಿತು. ಬೀಪೂ ಇಲ್ಲ, ಬ್ಲರ್ರೂ ಇಲ್ಲ, ಸಿಟ್ಟು ಹಾಗೇ ಉಳಿಯಿತು. ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕನೇ ಕಾಲಂ ಹುಟ್ಟಿದ್ದು ಆಗ, "ಬದಲಿ" ಅಂತ.

ಸಿನಿಮಾ ಸ್ವಲ್ಪ ಸುಲಭ. ಟಿವಿಗೆ ಎ ಸರ್ಟಿಫಿಕೇಟಿನ ಚಿತ್ರ ಹಾಗೇ ತರುವಂತಿಲ್ಲ, ಕತ್ತರಿಸಿ ಮತ್ತೆ ಮಂಡಳಿಗೆ ತೋರಿಸಿ ಯುಎ ಮಾಡಿಸಿಕೊಂಡು ಬರಬೇಕು. ಏನೇನು ಕತ್ತರಿಸಬೇಕು ಅನ್ನುವ ಅವರ ಪಟ್ಟಿ ನನ್ನ ಕೈಯಲ್ಲಿರುತ್ತೆ. ಲೈವ್ ಕಾರ್ಯಕ್ರಮವಾದರೆ ಕೆಲವು ಸೆಕೆಂಡು ತಡಮಾಡಿ ಬಿಡುವ ವ್ಯವಸ್ಥೆ ಇರುತ್ತೆ, ಬಟನ್ ಮೇಲೆ ಬೆರಳಿಟ್ಟುಕೊಂಡು ಕೂರಬೇಕು. ಆ ದಿನ ಊಟ ಸೇರಲ್ಲ.

ಹೊತ್ತಿನ ವಿಷಯಕ್ಕೂ ಒಂದು ಕಥೆ ಇದೆ. 2010ರ ನವೆಂಬರಿನಲ್ಲಿ ಹಿಂದಿಯ ಬಿಗ್ ಬಾಸ್ ಮತ್ತು ರಾಖಿ ಕಾ ಇನ್ಸಾಫ್‌ಗೆ ರಾತ್ರಿ 11ರ ನಂತರ ಬನ್ನಿ ಅಂತ ಕೇಂದ್ರ ಸಚಿವಾಲಯ ಆದೇಶ ಮಾಡಿತು. ಬಿಗ್ ಬಾಸ್ ಕಡೆಯವರು ಬಾಂಬೆ ಹೈಕೋರ್ಟಿಗೆ ಹೋಗಿ ತಡೆ ತಂದರು. ಮರುವರ್ಷ, 2011ರಲ್ಲಿ, ಚಾನೆಲ್ಲುಗಳೇ ಸೇರಿ ದೂರು ಕೇಳುವ ಮಂಡಳಿ ಬಿಸಿಸಿಸಿ ಮಾಡಿಕೊಂಡವು. ದೆಹಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎ.ಪಿ. ಶಾ ಮೊದಲ ಅಧ್ಯಕ್ಷರು. ದೊಡ್ಡವರಿಗೆ ಮಾತ್ರ ಅನ್ನುವ ಕಾರ್ಯಕ್ರಮಕ್ಕೆ ರಾತ್ರಿ 11ರಿಂದ ಬೆಳಗಿನ 5ರವರೆಗೆ ಅಂತ ಹೊತ್ತು ಇಟ್ಟುಕೊಂಡರು. ಪರದೆಯ ಕೆಳಗೆ ಆಗಾಗ "ಈ ವಾಹಿನಿಯ ಕಾರ್ಯಕ್ರಮದ ಬಗ್ಗೆ ದೂರಿದ್ದರೆ" ಅಂತ ಸಾಲು ಓಡುತ್ತಲ್ವಾ, ಅದು ಇದೇ. ಯಾರೂ ಓದಲ್ಲ ಅಂದುಕೊಂಡಿದ್ದೆ.

ಒಬ್ಬರು ಓದಿದರು. ನಮ್ಮ ಶೋವೊಂದರ ಜಗಳದ ಎಪಿಸೋಡು. ನಾನು ಎರಡು ಸಲ ನೋಡಿದ್ದೆ, 31 ಕಡೆ ಬೀಪು, ಒಂದು ಅಕ್ಷರವೂ ಸೋರಿರಲಿಲ್ಲ. ಆದರೆ ಪ್ರೋಮೋ ತಂಡದವರು ನನ್ನ ಕಾಪಿಯಿಂದ ಪ್ರೋಮೋ ಮಾಡಿರಲಿಲ್ಲ. ಅರ್ಜೆಂಟಿಗೆ ಹಸಿ ಫೂಟೇಜಿನಿಂದ ಎತ್ತಿದ್ದರು. ರಾತ್ರಿ ಒಂಬತ್ತೂವರೆಯ ಎಪಿಸೋಡ್ ಗಂಗಾಸ್ನಾನ ಮಾಡಿಕೊಂಡು ಕೂತಿದ್ದರೆ, ಅದರ 20 ಸೆಕೆಂಡಿನ ಪ್ರೋಮೋ ಸಂಜೆ ಆರಕ್ಕೇ, ಭಕ್ತಿ ಸೀರಿಯಲ್ಲಿನ ಮಧ್ಯೆ, ಪೂರ್ತಿ ಬೈಗುಳದ ಸಮೇತ ಹೋಗಿಬಿಟ್ಟಿತ್ತು.

ಮೇಲ್ ಬರೆದವರು ಒಬ್ಬ ತಂದೆ. ತಾರೀಕು, ಗಂಟೆ, ನಿಮಿಷ ಎಲ್ಲ ಇತ್ತು. "ನನ್ನ ಏಳು ವರ್ಷದ ಮಗಳು ಅದರ ಅರ್ಥ ಕೇಳಿದಳು. ದಯವಿಟ್ಟು ನೀವೇ ಬಂದು ಹೇಳಿ" ಅಂತ ಕೊನೆಯ ಸಾಲು.

2021ರ ಜೂನ್‌ನಲ್ಲಿ ನಿಯಮ ತಿದ್ದಿದ ಮೇಲೆ ಇದಕ್ಕೆಲ್ಲ ಲೆಕ್ಕ ಇದೆ. 24 ಗಂಟೆಯೊಳಗೆ ದೂರು ಸಿಕ್ಕಿದೆ ಅಂತ ಹೇಳಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ಅವರು ಸ್ವನಿಯಂತ್ರಣ ಮಂಡಳಿಗೆ ಹೋಗಬಹುದು, ಅದರ ಮೇಲೆ ಸರ್ಕಾರದ ಸಮಿತಿ. "ಹೋಗೇ ಇಲ್ಲ" ಅಂತ ಹೇಳುವ ಹಾಗೂ ಇಲ್ಲ. ಪ್ರಸಾರವಾದದ್ದನ್ನು 90 ದಿನ ಇಟ್ಟುಕೊಂಡಿರಬೇಕು ಅಂತ ಲೈಸೆನ್ಸಿನ ಷರತ್ತೇ ಇದೆ. ಸಾಲದ್ದಕ್ಕೆ ದೆಹಲಿಯಲ್ಲಿ ಸಚಿವಾಲಯದ ನಿಗಾ ಕೇಂದ್ರ 2008ರಿಂದಲೂ ನೂರಾರು ಚಾನೆಲ್ ರೆಕಾರ್ಡ್ ಮಾಡುತ್ತಲೇ ಇದೆ. ಹಿಂದೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಜೈಲು, ಇಲ್ಲ ಸಾವಿರ ರೂಪಾಯಿವರೆಗೆ ದಂಡ ಅಂತ ಇತ್ತು. ಜೈಲಿನ ಮಾತನ್ನು 2023ರಲ್ಲಿ ತೆಗೆದರು.

ನಾನು ರೆಕಾರ್ಡಿಂಗ್ ತೆಗೆಸಿ ನೋಡಿದೆ. ಅವರು ಬರೆದ ನಿಮಿಷ ಕೂಡ ಸರಿಯಾಗಿತ್ತು. ಲೀಗಲ್‌ನವರು ಒಂದೂವರೆ ಪುಟದ ಉತ್ತರ ಬರೆದರು. ಅದರಲ್ಲಿ "ತಪ್ಪಾಯಿತು" ಅನ್ನುವ ಮಾತೇ ಇರಲಿಲ್ಲ. ಸ್ವಲ್ಪ ಗುದ್ದಾಡಿ ಆ ಮಾತನ್ನು ಮೊದಲ ಸಾಲಿಗೆ ಸೇರಿಸಿದೆ. ಪ್ರೋಮೋ ತೆಗೆದಿದ್ದೇವೆ, ಇನ್ನು ಮುಂದೆ ಪ್ರೋಮೋಗಳನ್ನೂ ನೋಡಿಯೇ ಬಿಡುತ್ತೇವೆ ಅಂತ ಬರೆದೆ. ಅವರು "ಸರಿ" ಅಂತ ಒಂದೇ ಪದದ ಉತ್ತರ ಕಳಿಸಿದರು. ಮುಂದಕ್ಕೆ ಹೋಗಲಿಲ್ಲ.

ಈಗ ಹಸಿ ಫೂಟೇಜ್ ಬಂದ ತಕ್ಷಣ ಲಾಗಿಂಗ್ ಮಾಡುವ, ಅಂದರೆ ಎಲ್ಲಿ ಏನಿದೆ ಅಂತ ನೋಡಿ ಗುರುತು ಹಾಕುವ ಹುಡುಗರೇ ಬೈಗುಳ ಇರುವ ಕಡೆ ಕೆಂಪು ಮಾರ್ಕರ್ ಹಾಕುತ್ತಾರೆ. ಕೆಂಪು ಇರುವ ಕ್ಲಿಪ್ಪನ್ನು ಪ್ರೋಮೋ, ರೀಕ್ಯಾಪ್, ಯೂಟ್ಯೂಬ್, ಯಾವ ತಂಡದವರೂ ನನ್ನ ಸಹಿ ಇಲ್ಲದೆ ಎತ್ತುವಂತಿಲ್ಲ. ಎಲ್ಲರಿಗೂ ನನ್ನ ಮೇಲೆ ಸಿಟ್ಟು. ಇರಲಿ.

ಆದರೆ ನಮ್ಮ ಶೋಗಳನ್ನು ಫೋನಿನಲ್ಲಿ ತೋರಿಸುವ ಆ್ಯಪ್ ನನ್ನ ಕೈಲಿಲ್ಲ. ಅದಕ್ಕೆ ಕೇಬಲ್ ನಿಯಮ ಹತ್ತಲ್ಲ, 2021ರ ಐಟಿ ನಿಯಮ ಬೇರೆ. ಅಲ್ಲಿ ಯುಎ 16+ ಅಂತಲೋ ಎ ಅಂತಲೋ ಮೂಲೆಯಲ್ಲಿ ಹಾಕಿ, ಮಾತನ್ನು ಹಾಗೇ ಬಿಡುತ್ತಾರೆ. ಟಿವಿಗೆ ನಾನು ಬೀಪ್ ಹಾಕಿದ ಜಗಳವೇ ಅಲ್ಲಿ ಜಗಳದ ಹಾಗೆ ಕೇಳುತ್ತೆ.

ಹೋದ ವರ್ಷ ಅಮ್ಮನಿಗೆ ಹೊಸ ಫೋನು ಕೊಡಿಸಿ, ಆ್ಯಪ್ ಹಾಕಿಕೊಟ್ಟಿದ್ದೆ. ಒಂದು ರಾತ್ರಿ ಊಟಕ್ಕೆ ಕೂತಿದ್ದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ, ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿ, ನಮ್ಮದೇ ಶೋ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ನಲ್ಲಿ ನಿಲ್ಲಿಸಿ ಈ ಕಡೆ ಇಣುಕಿದಳು.

"ಏನೋ, ಇವತ್ತು ನಿಂಗೆ ರಜಾನಾ?"