ಮೀನಿನ ಟ್ಯಾಂಕಿಗೆ ಪಾಚಿ ತಿನ್ನುವ ಸ್ನೇಲ್ ಹಾಕುವ ಮೊದ್ಲು ಬಾವಿ ನೀರು ನೋಡಿ

ಗ್ಲಾಸಿಗೆ ಪಾಚಿ ಹಿಡಿದ್ರೆ ನೆರೈಟ್ ಅನ್ನುವ ಸ್ನೇಲ್ (ಬಸವನಹುಳ) ಬೆಸ್ಟ್, ಗಿಡ ಮುಟ್ಟುವುದಿಲ್ಲ, ಮರಿ ಹಾಕಿ ಟ್ಯಾಂಕ್ ತುಂಬಿಸುವುದೂ ಇಲ್ಲ. ಆದ್ರೆ ನಮ್ಮ ಮಂಗ್ಳೂರು ಉಡುಪಿ ಕಡೆ ಒಂದು ತಕರಾರು ಉಂಟು, ನೀರು.

ಕೆಂಪುಕಲ್ಲಿನ ನೆಲ ಅಲ್ವಾ ನಮ್ಮದು, ಬಾವಿ ನೀರು ಸಾಧಾರಣ ಸಾಫ್ಟು, ಅಂದ್ರೆ ಸುಣ್ಣದಂಶ ಕಮ್ಮಿ, ಸ್ವಲ್ಪ ಆಸಿಡಿಕ್ ಕೂಡ, ಕುಡಿಲಿಕ್ಕೆ ಫಸ್ಟ್ ಕ್ಲಾಸ್ ಆದ್ರೆ ಸ್ನೇಲಿನ ಚಿಪ್ಪಿಗೆ ಆಗುವುದಿಲ್ಲ. ಚಿಪ್ಪು ಅಂದ್ರೆ ಕ್ಯಾಲ್ಸಿಯಂ ಕಾರ್ಬೋನೇಟ್, ಪಿಎಚ್ (ನೀರು ಎಷ್ಟು ಆಸಿಡಿಕ್ ಅನ್ನುವ ಅಳತೆ, ಕಮ್ಮಿ ಆದಷ್ಟು ಆಸಿಡ್ ಜಾಸ್ತಿ) 7ಕ್ಕಿಂತ ಕೆಳಗೆ ಹೋದ್ರೆ ಮೆಲ್ಲ ಕರಗ್ತದೆ. ಚಿಪ್ಪಿನ ಹಳೇ ತುದಿ, ಅಂದ್ರೆ ಸುರುಳಿ ಶುರುವಾಗುವ ಜಾಗ ನೋಡಿ, ಅಲ್ಲಿ ಪಟ್ಟೆ ಮಾಸಿ ಬೆಳ್ಳಗೆ ಗುಂಡಿ ಬಿದ್ದಿದ್ರೆ ಇದೇ ಕಾರಣ, ತರುವಾಗಲೇ ಹಾಗಿದ್ರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಒಮ್ಮೆ ಕರಗಿದ ಭಾಗ ವಾಪಸ್ ಬೆಳೆಯುವುದಿಲ್ಲ.

ನೀರು ಸರಿ ಮಾಡ್ಲಿಕ್ಕೆ ದುಡ್ಡು ಖರ್ಚು ಮಾಡ್ಬೇಡಿ ಮಾರಾಯ್ರೆ, ಮನೆಯಲ್ಲಿ ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಮಾಡಿದ ದಿನ ಚಿಪ್ಪು ಬಿಸಾಡದೆ ಇಟ್ಕೊಳ್ಳಿ, ಮಾಂಸ ಮಸಾಲೆ ಚೂರೂ ಉಳಿಯದ ಹಾಗೆ ತಿಕ್ಕಿ, ಬರೀ ನೀರಲ್ಲಿ ಇನ್ನೊಮ್ಮೆ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಪುಡಿ ಮಾಡಿ ಬಲೆ ಚೀಲದಲ್ಲಿ ಹಾಕಿ ಫಿಲ್ಟರ್ ನೀರು ಬೀಳುವ ಕಡೆ ಇಡಿ. ಒಂದು ಹಿಡಿ ಸಾಕು ಶುರುವಿಗೆ, ಪಿಎಚ್ ಕಿಟ್ಟಲ್ಲಿ ನೋಡ್ತಾ 7.5 ಹತ್ರ ಬರುವಷ್ಟು ಸೇರಿಸ್ತಾ ಹೋಗಿ, ಗಡಿಬಿಡಿ ಬೇಡ. ಗಪ್ಪಿ, ಮೊಲ್ಲಿ ಇರುವ ಟ್ಯಾಂಕಿಗೆ ಇದು ಒಳ್ಳೇದೇ, ಡಿಸ್ಕಸ್ ಮೀನಿಗೆ ಸಾಫ್ಟ್ ನೀರೇ ಬೇಕು, ಅದನ್ನು ಸಾಕುವವ್ರು ಸ್ನೇಲಿನ ಆಸೆ ಬಿಡಿ. ಕಡಲ ಹತ್ರದ ಬಾವಿ ಆದ್ರೆ ಮೊದ್ಲು ಟೆಸ್ಟ್ ಮಾಡಿ, ಅಲ್ಲಿ ನೀರಿನ ಲೆಕ್ಕವೇ ಬೇರೆ ಇರ್ಬಹುದು. ತುಂಬೆ ಡ್ಯಾಮಿಂದ ಬರುವ ನಳ್ಳಿ ನೀರಾದ್ರೆ ಕ್ಲೋರಿನ್ ತೆಗೆಯುವ ಲಿಕ್ವಿಡ್ ಹಾಕದೆ ಸುರಿಬೇಡಿ.

ಹೊಸ ಟ್ಯಾಂಕಿಗೆ ಹಾಕುವುದು ದಂಡ, ತಿನ್ಲಿಕ್ಕೆ ಪಾಚಿಯೇ ಇರುವುದಿಲ್ಲ. ಎರಡಡಿ ಟ್ಯಾಂಕಿಗೆ ಎರಡು ಮೂರು ಧಾರಾಳ. ತಂದ ಕೂಡ್ಲೆ ದೊಪ್ಪಂತ ಹಾಕದೆ ಒಂದು ಗಂಟೆ ಸಣ್ಣ ಪೈಪಲ್ಲಿ ಟ್ಯಾಂಕಿನ ನೀರು ಹನಿಹನಿ ಬಿಟ್ಟು ಒಗ್ಗಿಸಿ, ಮತ್ತೆ ಬಾಯಿ ಕೆಳಗೆ ಮಾಡಿ ಇಡಿ, ಮಗುಚಿ ಬಿದ್ರೆ ಕೆಲವಕ್ಕೆ ಏಳ್ಲಿಕ್ಕೆ ಆಗುವುದಿಲ್ಲ. ಮುಚ್ಚಳ ಬೇಕೇ ಬೇಕು, ರಾತ್ರಿ ಗ್ಲಾಸ್ ಹತ್ತಿ ಹೊರಗೆ ಹೋಗ್ತವೆ. ಮೀನಿನ ಮದ್ದಿನ ಬಾಟಲಿಯಲ್ಲಿ ಕಾಪರ್ ಅಂತ ಉಂಟಾ ಓದಿ, ಅದು ಸ್ನೇಲಿಗೆ ವಿಷ. ಲೋಚ್, ಪಫರ್ ಮೀನು ಇದ್ರೆ ಸ್ನೇಲೇ ಅವುಗಳ ಊಟ.

ಕಲ್ಲಿನ ಮೇಲೆ ಎಳ್ಳಿನ ಹಾಗೆ ಬಿಳಿ ಚುಕ್ಕೆ ಕಂಡ್ರೆ ಅದು ಮೊಟ್ಟೆ. ಮರಿ ಬದುಕ್ಲಿಕ್ಕೆ ಬೆಂಗ್ರೆ ಅಳಿವೆಯಲ್ಲಿ ಇರುವಂಥ ಉಪ್ಪು ಬೆರೆತ ನೀರು ಬೇಕು, ಹಾಗಾಗಿ ಟ್ಯಾಂಕಲ್ಲಿ ಏನೂ ಆಗುವುದಿಲ್ಲ, ನೋಡ್ಲಿಕ್ಕೆ ಚಂದ ಇಲ್ಲ ಅಷ್ಟೆ, ಬ್ಲೇಡಲ್ಲಿ ಕೆರೆದು ತೆಗಿರಿ.

ಒಂದೆರಡು ದಿನ ಅಲ್ಲಾಡದೆ ಬಿದ್ದಿದ್ರೆ ಹೆದರ್ಬೇಡಿ, ಮಲಗುವುದೂ ಉಂಟು. ಕೈಯಲ್ಲಿ ತೆಗೆದು ಮೂಸಿ ನೋಡಿ, ಸತ್ತಿದ್ರೆ ಆ ವಾಸನೆ ಕೇಳುವುದೇ ಬೇಡ, ಕೂಡ್ಲೆ ತೆಗೆದು ಅರ್ಧಕ್ಕಿಂತ ಸ್ವಲ್ಪ ಕಮ್ಮಿ ನೀರು ಚೇಂಜ್ ಮಾಡಿ, ಬಿಟ್ರೆ ಅಮೋನಿಯಾ ಏರಿ ಮೀನುಗಳೂ ಹೋಗ್ತವೆ.