ನಾನ್ ಮಡೋಲ್‌ಗೆ ಹೋಗೋದು ಹೇಗೆ? ಮೊದಲು ವೀಸಾ, ಆಮೇಲೆ ಉಬ್ಬರ

ಸಮುದ್ರದ ಮೇಲೆ ಕಲ್ಲಿನ ಊರು, ಯಾರು ಕಟ್ಟಿದರೋ ದೇವರೇ ಬಲ್ಲ ಅನ್ನುವ ವಿಡಿಯೊಗಳು ಬೇಕಾದಷ್ಟಿವೆ. ಬೆಂಗಳೂರಿನಿಂದ ಅಲ್ಲಿಗೆ ಹೋಗುವುದು ಹೇಗೆ ಅಂತ ಹೇಳುವವರು ಮಾತ್ರ ಕಡಿಮೆ. ಜಾಗದ ಹೆಸರು ನಾನ್ ಮಡೋಲ್. ಪೆಸಿಫಿಕ್ ಸಾಗರದ ಮೈಕ್ರೊನೇಷಿಯಾ ದೇಶದಲ್ಲಿ, ಪೊನ್ಪೈ ದ್ವೀಪದ ಪೂರ್ವ ದಡದಲ್ಲಿದೆ.

ಟಿಕೆಟ್‌ಗಿಂತ ಮೊದಲು ವೀಸಾ ನೋಡಿ. 30 ದಿನದೊಳಗೆ ವಾಪಸ್ ಬರುವುದಾದರೆ ಮೈಕ್ರೊನೇಷಿಯಾಗೆ ವೀಸಾ ಬೇಕಿಲ್ಲ. ಆದರೆ ದಾರಿ ಇರುವುದು ಗುವಾಮ್ ಮೇಲೆ, ಗುವಾಮ್ ಅಮೆರಿಕದ ನೆಲ. ಅಲ್ಲಿ ಸುಮ್ನೆ ವಿಮಾನ ಬದಲಾಯಿಸುವುದಕ್ಕೂ ಅಮೆರಿಕದ ವೀಸಾ ಬೇಕು, ಇಲ್ಲದಿದ್ದರೆ ನಮ್ಮ ಕೆಂಪೇಗೌಡ ನಿಲ್ದಾಣದ ಕೌಂಟರ್‌ನಲ್ಲೇ ನಿಲ್ಲಿಸಿಬಿಡುತ್ತಾರೆ. ಅದಕ್ಕೆ ಕಾಯುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಟೋಕಿಯೊ ಇಲ್ಲವೇ ಮನಿಲಾ ಮೂಲಕ ಗುವಾಮ್ ತಲುಪಿ, ಅಲ್ಲಿಂದ ಯುನೈಟೆಡ್ ಏರ್‌ಲೈನ್ಸ್‌ನ 'ಐಲ್ಯಾಂಡ್ ಹಾಪರ್' ಹತ್ತಬೇಕು. ಹೊನೊಲುಲುವರೆಗೆ ದ್ವೀಪ ದ್ವೀಪಕ್ಕೂ ಇಳಿದು ಏರುವ ವಿಮಾನ ಅದು, ಪೊನ್ಪೈ ಮಧ್ಯದಲ್ಲೊಂದು ನಿಲ್ದಾಣ. ದಿನಾ ಇರುವುದಿಲ್ಲ. ಹಾಗಾಗಿ ಹಿಂದೆ ಮುಂದೆ ಒಂದೊಂದು ದಿನ ಖಾಲಿ ಬಿಡಿ, ಜಿಪುಣತನ ಬೇಡ.

ಉಳಿದುಕೊಳ್ಳುವುದು ಕೊಲೋನಿಯಾ ಪೇಟೆಯಲ್ಲಿ. ಅಮೆರಿಕನ್ ಡಾಲರ್ ನಡೆಯುತ್ತದೆ, ಬೆಂಗಳೂರಿನಿಂದಲೇ ಚಿಲ್ಲರೆ ನೋಟು ಒಯ್ಯಿರಿ. ನಾನ್ ಮಡೋಲ್‌ಗೆ ನಡೆದು ಹೋಗುವ ದಾರಿಯಲ್ಲಿ ಜಮೀನಿನವರಿಗೆ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ದುಡ್ಡು ಕೊಡಬೇಕಾಗುತ್ತದೆ, ದೊಡ್ಡ ನೋಟಿಗೆ ಚಿಲ್ಲರೆ ಸಿಗುವುದಿಲ್ಲ. ಚೌಕಾಸಿಗೆ ಇಳಿಯಬೇಡಿ, ಅದು ಅವರ ನೆಲ ಅಲ್ವಾ?

ಇನ್ನು ಉಬ್ಬರ. ಇಡೀ ಪ್ರವಾಸ ನಿಂತಿರುವುದೇ ಇದರ ಮೇಲೆ. ಅಲ್ಲಿ ಸುಮಾರು 100 ಪುಟ್ಟ ಕೃತಕ ದ್ವೀಪಗಳಿವೆ, ನಡುನಡುವೆ ಕಾಲುವೆ. ನೀರು ತುಂಬಿದಾಗ ದೋಣಿ ಒಳಗೆ ಹೋಗುತ್ತದೆ, ಇಳಿದಾಗ ಕೆಸರಿನಲ್ಲಿ ಕೂರುತ್ತದೆ. ಉಬ್ಬರದ ಹೊತ್ತು ಎಷ್ಟಕ್ಕೆ ಅಂತ ಹೋಟೆಲಿನವರನ್ನು ಕೇಳಿ, ಅದಕ್ಕೆ ತಕ್ಕಂತೆ ದೋಣಿ ಹೇಳಿ. ನಡೆದೇ ಹೋಗುವುದಾದರೆ ಇಳಿತದ ಹೊತ್ತೇ ಸರಿ, ಕೊನೆಯ ಕಾಲುವೆಯನ್ನು ನೀರಿನಲ್ಲಿ ಕಾಲಿಟ್ಟೇ ದಾಟಬೇಕು. ನನ್ನ ಕೇಳಿದರೆ ದೋಣಿಯೇ ಚೆನ್ನ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಂದಿಯಿಂದ ಗೋಡೆ ಎದ್ದು ಬರುವುದು ನಡೆದು ಹೋದವರಿಗೆ ಹಾಗೆ ಕಾಣುವುದಿಲ್ಲ.

ಆ ಗೋಡೆ ನಂದೌವಾಸ್‌ನದು, ಅರಸರ ಸಮಾಧಿ ಇದ್ದ ದ್ವೀಪ. ಹತ್ತಿರ ನಿಂತು ನೋಡಿ. ಒಂದು ಸಾಲು ಕಲ್ಲಿನ ಕಂಬಗಳು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ, ಸೌದೆ ಒಟ್ಟಿದ ಹಾಗೆ. ಗಾರೆ ಇಲ್ಲ. ಎತ್ತರ ಸುಮಾರು 25 ಅಡಿ, ಮೂಲೆಗಳಲ್ಲಿ ಮೇಲಕ್ಕೆ ಬಾಗಿದೆ. ಕಂಬಗಳನ್ನು ಯಾರೂ ಕೆತ್ತಿದ್ದಲ್ಲ, ಲಾವಾ ಆರುವಾಗ ತಾನಾಗಿ ಸೀಳಿ ಆದ ಆಕಾರ ಅದು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದರೆ ನಿಮಗೆ ಅದು ಹೊಸದೇನಲ್ಲ. ಇಷ್ಟು ಭಾರದ ಕಲ್ಲನ್ನು ಸಾಗಿಸಿದ್ದು ಹೇಗೆ ಅನ್ನುವುದೇ ಉಳಿದಿರುವ ಒಗಟು. ಓಲಿಸಿಪ, ಓಲೊಸೊಪ ಅನ್ನುವ ಅಣ್ಣತಮ್ಮಂದಿರು ಮಂತ್ರ ಹಾಕಿ ಹಾರಿಸಿದರು ಅಂತ ಊರಿನ ಕಥೆ. ವಿಡಿಯೊಗಳಲ್ಲಿ ಬರುವ ಅನ್ಯಗ್ರಹದವರ ಕಥೆಗಿಂತ ನನಗೆ ಇದೇ ಇಷ್ಟ. ಕಟ್ಟಿಸಿದವರು ಆಗ ಪೊನ್ಪೈ ಆಳುತ್ತಿದ್ದ ಸೌದೆಲೂರ್ ಅರಸರು, ಹೆಚ್ಚಿನ ಕೆಲಸ 1200ರಿಂದ 1500ರ ನಡುವೆ ಆದದ್ದು.

ಗೋಡೆ ಹತ್ತಬೇಡಿ, ಕಲ್ಲು ಎತ್ತಿಕೊಳ್ಳಬೇಡಿ. 2016ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆ ಪಟ್ಟಿಗೆ ಸೇರಿಸಿದಾಗಲೇ ಅಪಾಯದ ಪಟ್ಟಿಗೂ ಹಾಕಿತು. ಹೂಳು ತುಂಬಿ ಕಾಂಡ್ಲಾ ಬೆಳೆದು, ಬೇರುಗಳು ಗೋಡೆ ಸಡಿಲಿಸುತ್ತಿವೆ. 1907ರಲ್ಲಿ ಇಲ್ಲಿ ಗೋರಿ ಅಗೆದ ಜರ್ಮನ್ ಗವರ್ನರ್ ವಿಕ್ಟರ್ ಬರ್ಗ್ ಸ್ವಲ್ಪ ಸಮಯದಲ್ಲೇ ತೀರಿಕೊಂಡ. ಬಿಸಿಲಿನ ಹೊಡೆತ ಅಂದರು ವೈದ್ಯರು, ಊರಿನವರು ಒಪ್ಪಲಿಲ್ಲ. ನೀವು ಯಾರನ್ನು ನಂಬಿದರೂ ಟೋಪಿ, ನೀರು ಮರೆಯಬೇಡಿ.

ಮಳೆ ಯಾವ ತಿಂಗಳಲ್ಲೂ ತಪ್ಪುವುದಿಲ್ಲ. ಪಾಸ್‌ಪೋರ್ಟಿಗೆ, ಫೋನಿಗೆ ನೀರು ಹೋಗದ ಚೀಲ ಇರಲಿ. ಪಾಚಿಗೆ ಜಾರದ ಚಪ್ಪಲಿ ಬೇಕು, ಬಾತ್‌ರೂಮ್ ಚಪ್ಪಲಿ ನಡೆಯಲ್ಲ.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಜೀಗುಜ್ಜೆ, ಕೆಸುವಿನ ಗೆಡ್ಡೆ, ಬಾಳೆ, ಅನ್ನ ಎಲ್ಲ ಇದೆ, ಖಾರ ಮಾತ್ರ ಇಲ್ಲ. ಸೀಲ್ ಆದ ಚಟ್ನಿಪುಡಿ ಒಯ್ಯಿರಿ. ಕರಿಬೇವು, ಹಣ್ಣು ಬೇಡ, ಗುವಾಮ್‌ನಲ್ಲೇ ಕಿತ್ತುಕೊಳ್ಳುತ್ತಾರೆ.

ಸಂಜೆ ಸಕಾವು ಕುಡಿಯಲು ಕರೆದರೆ ಹೋಗಿ. ಮೆಣಸಿನ ಬಳ್ಳಿಯ ಜಾತಿಯ ಗಿಡದ ಬೇರಿನಿಂದ ಮಾಡುವ, ಮಂಪರು ತರಿಸುವ ಪಾನೀಯ ಅದು. ಬೇರನ್ನು ಕಲ್ಲಿನ ಮೇಲೆ ಜಜ್ಜಿ, ದಾಸವಾಳ ಜಾತಿಯ ಮರದ ತೊಗಟೆಯಲ್ಲಿ ಹಿಂಡುತ್ತಾರೆ. ಲೋಳೆ ಲೋಳೆಯಾಗಿರುತ್ತದೆ, ನಾಲಿಗೆ ಜೋಮು ಹಿಡಿಯುತ್ತದೆ. ಮರುದಿನ ಬೆಳಗ್ಗೆಯೇ ವಿಮಾನ ಇದ್ದರೆ ಎರಡನೇ ತೆಂಗಿನ ಚಿಪ್ಪಿಗೆ ಕೈ ಚಾಚಬೇಡಿ.